ಬೀಗಿತ್ತಿ ಕೂತ ಜಾಗ

ನಂಬಿಸಿ ಕೈಬಿಟ್ಟ ಮೊಮ್ಮಗಳಿಗೆ,

ನಾಚಿಕೆಯಾಗುವುದಿಲ್ಲವೇನೇ ನಿನಗೆ? ಮೊದಲು ಕೈಯಲ್ಲಿರುವ ಆ ಆಟದ ಡಬ್ಬಿ ಕೆಳಗಿಟ್ಟು ಇದನ್ನು ಓದು. ನಾವಿಬ್ಬರೂ ಕೂತು ಆಡುತ್ತಿದ್ದ ಆ ಕೋರ್ಟಿನ ವಿಡಿಯೋ ಆಟದ ಎರಡನೇ ಭಾಗ ಬಂದಿದೆಯಂತೆ. ಅದನ್ನು ನಿನ್ನ ಅಮ್ಮನ ಅಮ್ಮನ ಪಕ್ಕ ಕೂತು ಆಡುತ್ತಿದ್ದೀಯಂತೆ. ನಿನ್ನಪ್ಪ ಫೋನಿನಲ್ಲಿ ಬಾಯಿಬಿಟ್ಟ.

ಮೊದಲನೇ ಭಾಗ ಆಡುವಾಗ ಸಾಕ್ಷಿಗಳ ಮಾತನ್ನು ನೀನು ಓದಿ ಹೇಳುತ್ತಿದ್ದೆ. ಅವರು ಎಡವಿದ ಕಡೆ ನಾನು, "ಒತ್ತೇ ಗುಂಡಿ, ಬುರುಡೆ ಬಿಡ್ತಿದ್ದಾನೆ!" ಎಂದು ಕೂಗುತ್ತಿದ್ದೆ. ಒಂದು ಕೇಸಾದರೂ ಸೋತೆವೇನು?

ಬೀಗಿತ್ತಿ ಒಳ್ಳೆಯವಳೇ, ಇಲ್ಲವೆನ್ನುವುದಿಲ್ಲ. ಆದರೆ ಯಾರು ಕಣ್ಣೀರು ಹಾಕಿದರೂ ಕರಗುವ ಹೆಂಗಸು. ಆಟದೊಳಗಿನ ದರ್ಜಿಯ ಹೆಂಡತಿ ಸಾಕ್ಷಿ ಹೇಳುತ್ತ ಅತ್ತದ್ದಕ್ಕೆ, "ಪಾಪ ಕಣೇ, ಅವಳನ್ನ ಬಿಟ್ಟುಬಿಡು" ಎಂದು ನಿನ್ನ ಕೈ ಹಿಡಿದಳಂತೆ. ಅಲ್ಲಿಂದ ನಿಮ್ಮ ಕೇಸು ಮುಂದೆ ಸರಿದಿಲ್ಲವಂತೆ. ಹೇಗೆ ಸರಿಯುತ್ತದೆ?

ಆ ಹೆಂಗಸಿನ ಸಾಕ್ಷಿಯನ್ನು ನಿನ್ನಪ್ಪನ ಬಾಯಿಂದ ಪೂರ್ತಿ ಹೇಳಿಸಿಕೊಂಡೆ. ಅವಳು ಎಲ್ಲಿ ಸುಳ್ಳಾಡಿದಳೆಂದು ನನಗೆ ಗೊತ್ತು. ಇಲ್ಲಿ ಮಾತ್ರ ಬರೆಯುವುದಿಲ್ಲ. ಬರೆದರೆ ನೀನು ಇತ್ತ ತಲೆ ಹಾಕುವುದುಂಟೇ?

ಮಂಚದ ಪಕ್ಕದ ಪ್ಲಗ್ಗು ಸರಿ ಮಾಡಿಸಿದ್ದೇನೆ. ಬರುವಾಗ ಚಾರ್ಜರ್ ಮರೆಯಬೇಡ. ಬೀಗಿತ್ತಿಗೆ ನನ್ನ ನಮಸ್ಕಾರ ಹೇಳು. ಈ ಸುಳ್ಳಿನ ವಿಷಯ ಹೇಳಬೇಡ, ಅವಳೂ ಹುಡುಕತೊಡಗಿಯಾಳು.

ಇಂತಿ,
ಕಣ್ಣೀರಿಗೆ ಕರಗದ ನಿನ್ನ ಅಜ್ಜಿ

ಯಾವತ್ತು ಬರುತ್ತೀ ಎಂದು ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ.