ನೆರಳು ಕಳೆದುಕೊಂಡ ಕಾಗೆ

ಅತ್ತಿಗೆ,

ಇದನ್ನು ಹೇಳಲು ನಿಮ್ಮ ತಮ್ಮನಿಗೆ ಬಾಯಿ ಬರುವುದಿಲ್ಲ. ಅದಕ್ಕೇ ನಾನು ಬರೆದಿಟ್ಟು ಡ್ಯೂಟಿಗೆ ಹೊರಟಿದ್ದೇನೆ.

ಹಾಲು ಕಾಯಿಸಿದ್ದೇನೆ, ಪುಟ್ಟಿ ಬಂದ ಮೇಲೆ ಕೊಡಿ. ನಲ್ಲಿ ರಿಪೇರಿಯವನು ಬಂದರೆ ಪಕ್ಕದಲ್ಲೇ ನಿಂತು ಮಾಡಿಸಿ, ಅವನ ಜೊತೆ ಹರಟೆಗೆ ಕೂರಬೇಡಿ.

ನಿನ್ನೆ ಸ್ಕೂಲಿನಲ್ಲಿ ಹೊಸ ಪಠ್ಯಕ್ರಮದ ಮೀಟಿಂಗ್ ಇತ್ತಲ್ಲ. ಇನ್ನು ಮೇಲೆ ದೇಶದ ಮಕ್ಕಳೆಲ್ಲ ಮನೆಯವರ ಬಾಯಿಂದ ಕಥೆ ಕೇಳಿ ಕಲಿಯಬೇಕಂತೆ. ಮಾದರಿಗೆಂದು ಟೀಚರ್ ಪುಟ್ಟಿಯನ್ನೇ ಎಬ್ಬಿಸಿದರು. ಅವಳು ನಿಮ್ಮ ಆ ನೆರಳು ಕಳೆದುಕೊಂಡ ಕಾಗೆಯ ಕಥೆ ಹೇಳಿದಳು. ಕೂತವರೆಲ್ಲ ಚಪ್ಪಾಳೆ ತಟ್ಟಿದರು.

"ಯಾರು ಹೇಳ್ಕೊಟ್ರು? ಅಮ್ಮನಾ?" ಅಂದರು ಟೀಚರ್.

"ಅಮ್ಮಂಗೆ ಕಥೆ ಎಲ್ಲಿ ಬರುತ್ತೆ? ಅತ್ತೆ ಹೇಳಿದ್ದು" ಅಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊತ್ತು ಹೆತ್ತವಳು ನಾನು, ಹೆಸರು ಮಾತ್ರ ನಿಮಗೆ.

ಮುಂದಿನ ವಾರ ಅಮ್ಮಂದಿರೇ ಕ್ಲಾಸಿಗೆ ಹೋಗಿ ಕಥೆ ಹೇಳಬೇಕು. ನಾನು ಬರುವಷ್ಟರಲ್ಲಿ ಕಾಗೆಯ ಕಥೆ ಪೂರ್ತಿ ಬರೆದು ಫ್ರಿಜ್ ಮೇಲೆ ಇಟ್ಟಿರಿ. ಎಲ್ಲಿ ದನಿ ಇಳಿಸುತ್ತೀರಿ, ಎಲ್ಲಿ ರೆಕ್ಕೆ ಬಡಿದು ತೋರಿಸುತ್ತೀರಿ, ಅದನ್ನೂ ಬಿಡದೆ ಬರೆಯಿರಿ.

ಇವತ್ತಿನಿಂದ ಪುಟ್ಟಿ ನನ್ನ ಪಕ್ಕದಲ್ಲೇ ಮಲಗುತ್ತಾಳೆ. ನಿಮ್ಮ ರೂಮಿಗೆ ಓಡಿಬಂದು ಕಥೆ ಕೇಳಿದರೆ ಮರೆತುಹೋಯಿತು ಅನ್ನಿ.

ನಂಬುತ್ತಾಳೆ. ಮೊನ್ನೆ ಸ್ಕೂಲ್ ಗೇಟಿನಲ್ಲಿ ಅವಳ ಹೆಸರೇ ನೆನಪಾಗದೆ ನೀವು ನಿಂತಿದ್ದನ್ನು ಅವಳೂ ನೋಡಿದ್ದಾಳೆ.