ಹಗ್ಗ ಹಿಡಿಯುವವನು

ಭಾವ,

ಹೋದ ವರ್ಷ ನೀನು ಬಿದ್ದ ಜೇನುಬಂಡೆಯ ಮೇಲೆ ಇವತ್ತು ಮತ್ತೆ ಹಗ್ಗ ಹಿಡಿದೆ. ನಾನು ಕಾವಲಿಗಿರುವ ಹೋಟೆಲಿನವರಿಗೆ ನಮ್ಮ ಜನ ಜೇನು ಕೀಳುವುದನ್ನು ಅತಿಥಿಗಳಿಗೆ ತೋರಿಸಬೇಕಿತ್ತು. ಬಂಡೆಯಲ್ಲಿ ಈಗ ಜೇನುಹುಟ್ಟು ಒಂದೂ ಇಲ್ಲ; ಇಳಿದವನ ಬುಟ್ಟಿಯಲ್ಲಿದ್ದದ್ದು ಅಂಗಡಿಯ ಜೇನು.

“ಹಗ್ಗ ಮರಕ್ಕೆ ಕಟ್ಟಿದ್ರೆ ಸಾಕಲ್ವಾ?” ಎಂದು ಅತಿಥಿಯೊಬ್ಬಳು ಕೇಳಿದಳು.

“ಸಾಲಲ್ಲ ಮೇಡಂ. ಇಳಿಯೋನ ಹೆಂಡ್ತಿ ಜೊತೆ ಹುಟ್ಟಿದೋನೇ ಹಿಡೀಬೇಕು. ಅವಳ ಬಾಳು ಅವನ ಕೈಯಲ್ಲಿರುತ್ತೆ. ಹಗ್ಗ ಬಂಡೆಗೆ ಉಜ್ಜಿದ್ರೆ ಕೈಗೆ ಗೊತ್ತಾಗುತ್ತೆ, ಮರಕ್ಕೇನು ಗೊತ್ತಾಗುತ್ತೆ?”

ಎಲ್ಲರೂ ಚಪ್ಪಾಳೆ ತಟ್ಟಿದರು. ದಿನಾ ಇದನ್ನೇ ಹೇಳು ಎಂದ ಮ್ಯಾನೇಜರು.

ನೀನು ಹೋದಮೇಲೆ ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿರುವ ನನ್ನಕ್ಕ, ಟೀ ತಂದವಳು, ಹಿಂದೆಯೇ ನಿಂತಿದ್ದಳು. ಜನ ಚದುರಿದ ಮೇಲೆ ನನ್ನ ಅಂಗೈ ತಿರುಗಿಸಿ ನೋಡಿದಳು.

“ಆವತ್ತು ನಿನ್ನ ಕೈಗೆ ಗೊತ್ತಾಗ್ಲಿಲ್ವೇನೋ?”

“ಇಲ್ಲಕ್ಕ” ಅಂದೆ. ಅಷ್ಟೇ ಅಂದೆ.

ಆವತ್ತು ಇದೇ ಕಾವಲು ಕೆಲಸ ಕೇಳಲು ನಾನು ಹೋಟೆಲಿಗೆ ಹೋಗಬೇಕಿತ್ತು. ಹಗ್ಗವನ್ನು ಮರಕ್ಕೆ ಕಟ್ಟಿ, ಎರಡು ಸಲ ಎಳೆದು ನೋಡಿದೆ. ಬಂಡೆಯ ಅಂಚಿನಿಂದ ನೀನು ತಲೆಯೆತ್ತಿ ನಕ್ಕೆ, ಭಾವ:

“ಹೋಗ್ಬಾ, ಮರ ಎಲ್ಲಿಗೆ ಓಡ್ಹೋಗುತ್ತೆ?”