ನನ್ನ ಅಜ್ಜಿಯನ್ನು ನಪಾಸು ಮಾಡಿ

ಬೆನ್ನುಹುರಿ ಗಡ್ಡೆಗಳ ಸಂಶೋಧನಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಅಜ್ಜಿ ಸೆತ್ಸು ನಿಮ್ಮ ಆಸ್ಪತ್ರೆಯ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದಿದ್ದಾಳೆ. ದಯವಿಟ್ಟು ಅವಳನ್ನು ನಪಾಸು ಮಾಡಿ.

ಅವಳ ಕತ್ತಿನಲ್ಲಿ ಬೆನ್ನುಹುರಿಯನ್ನು ಒತ್ತಿಕೊಂಡು ಕುಳಿತಿರುವ ಗಡ್ಡೆಯನ್ನು ಸ್ಕ್ಯಾನಿಂಗಿನಲ್ಲಿ ಪತ್ತೆ ಹಚ್ಚಿದವರು ನೀವೇ. ಅದು ಕ್ಯಾನ್ಸರ್ ಅಲ್ಲ, ತೆಗೆಯಬಹುದು, ಆದರೆ ತಡವಾದರೆ ಕೈಕಾಲಿನ ಶಕ್ತಿ ಮರಳದಿರಬಹುದು ಎಂದವರೂ ನೀವೇ. ಇಷ್ಟೆಲ್ಲ ತಿಳಿದ ಮೇಲೆ, ಯಾರಿಗೆ ಬೇಗ ಶಸ್ತ್ರಚಿಕಿತ್ಸೆ, ಯಾರನ್ನು ಕಾದು ನೋಡುವುದು ಎಂಬುದನ್ನು ನಿಮ್ಮ ಅಧ್ಯಯನ ಊಟದ ಚಾಪ್‌ಸ್ಟಿಕ್ ಕಡ್ಡಿಗಳಿಗೆ ಒಪ್ಪಿಸಿದೆ. ಕಡ್ಡಿಯಲ್ಲಿ ಕಾಳು ಎತ್ತಿದವರು ಮನೆಗೆ, ಬೀಳಿಸಿದವರು ಶಸ್ತ್ರಚಿಕಿತ್ಸೆಯ ಕೋಣೆಗೆ. ಮೂರು ಹೊತ್ತೂ ಕಡ್ಡಿಯಲ್ಲೇ ಉಣ್ಣುವ ನಮ್ಮ ಕೈಗಳಿಗೆ ಇದು ನ್ಯಾಯವಾದ ಪ್ರಶ್ನೆ, ಒಪ್ಪುತ್ತೇನೆ. ಆದರೆ ಪ್ರಶ್ನೆಪತ್ರಿಕೆಯನ್ನು ಮೊದಲೇ ಅಂಚೆಯಲ್ಲಿ ಮನೆಗೆ ಕಳಿಸಿದ ಮಹಾನುಭಾವರು ಯಾರು? ಅದೂ, ಶಿಶುವಿಹಾರದಲ್ಲಿ ಜೀವಮಾನವಿಡೀ ಮಕ್ಕಳಿಗೆ ಕಡ್ಡಿ ಹಿಡಿಯುವುದನ್ನು ಕಲಿಸಿದ ಹೆಂಗಸಿಗೆ?

ಸೂಚನೆ ಬಂದ ದಿನವೇ ಅಜ್ಜಿ ಹೊಸವರ್ಷಕ್ಕೆಂದು ಇಟ್ಟಿದ್ದ ಕರಿ ಸೋಯಾಕಾಳಿನ ಡಬ್ಬಿ ಇಳಿಸಿದಳು. ಬೆಳಗಿನ ಸಾರನ್ನೇ ಚಮಚದಲ್ಲಿ ಕುಡಿಯುವವಳು, ನಿಲುವಂಗಿಯ ನಡುಪಟ್ಟಿಯನ್ನು ನನ್ನಿಂದ ಕಟ್ಟಿಸಿಕೊಳ್ಳುವವಳು, ಚಾಪೆಯ ಮೇಲೆ ಕುಳಿತು ಅಭ್ಯಾಸಕ್ಕಿಳಿದಳು. ಬೆರಳಿಗೆ ಸ್ಪರ್ಶ ತಿಳಿಯದಿದ್ದರೇನು, ಕಣ್ಣಿದೆಯಲ್ಲ!

"ಅಜ್ಜಿ, ಇದು ಕಾಯಿಲೆ ಪರೀಕ್ಷೆ. ಇದಕ್ಕೆ ಯಾರಾದ್ರೂ ಓದ್ಕೊಳ್ತಾರಾ?"

"ಸುಮ್ನಿರೇ. ಊರ ಮಕ್ಳಿಗೆಲ್ಲ ಕಲಿಸಿದೋಳು ಡಾಕ್ಟ್ರ ಮುಂದೆ ಕಾಳು ಬೀಳಿಸ್ಲಾ? ಪಾಪ, ಅವ್ರಿಗೂ ಬೇಜಾರಾಗಲ್ವಾ?"

ಪರೀಕ್ಷೆಯ ದಿನ ಪೌಡರು ಹಚ್ಚಿ, ಮದುವೆಗೆ ಹೋಗುವವಳಂತೆ ಬಂದಳು. ನಿಮ್ಮ ಕಿರಿಯ ವೈದ್ಯರು ಕಾಳಿನ ಬಟ್ಟಲು ಮುಂದಿಟ್ಟರು. ಒಂದೂ ಬೀಳಲಿಲ್ಲ.

"ಅಯ್ಯೋ, ನನಗಿಂತ ಚೆನ್ನಾಗಿ ಎತ್ತುತ್ತೀರಲ್ಲ ಅಜ್ಜಿ!"

"ಎಲ್ಲಾ ನಿಮ್ಮ ದಯೆ, ಡಾಕ್ಟ್ರೇ."

"ಮತ್ತೇನಾದ್ರೂ ತೊಂದ್ರೆ?"

"ಏನಿಲ್ಲಪ್ಪ. ವಯಸ್ಸಾಯ್ತಲ್ಲ, ಅಷ್ಟೇ."

ವೈದ್ಯರು ಸಂತೋಷದಿಂದ "ಕಾದು ನೋಡೋಣ" ಎಂದು ಬರೆದರು. ಅಪರಿಚಿತರೆದುರು ನನಗೆ ಮಾತೇ ಹೊರಡುವುದಿಲ್ಲ; ಆದರೂ ಧೈರ್ಯ ಮಾಡಿ ಬಾಯಿ ತೆರೆದೆ. ತಕ್ಷಣ ಮೇಜಿನಡಿ ಅಜ್ಜಿ ನನ್ನ ತೊಡೆ ಚಿವುಟಿದಳು.

ಮಾನ್ಯರೇ, ನಿಮ್ಮ ಅಂಕಪಟ್ಟಿಯಲ್ಲಿ ಸೇರದ ಸಾಕ್ಷ್ಯವೊಂದಿದೆ. ನನ್ನ ಬಾಲ್ಯದಲ್ಲಿ ಅವಳು ಚಿವುಟಿದರೆ ತೊಡೆ ನೀಲಿಗಟ್ಟುತ್ತಿತ್ತು. ಅಂದು ನನಗೆ ನೋಯಲೇ ಇಲ್ಲ. ಇರುವೆ ಹರಿದಂತಾಯಿತು. ಹೇಳಬೇಕೆಂದಿದ್ದುದನ್ನು ಅಲ್ಲಿ ಹೇಳದೆ ಇಲ್ಲಿ ಬರೆಯುತ್ತಿರುವುದು ಅದಕ್ಕೇ.

ರೋಗಿಗಳು ನಿಮ್ಮ ಮನಸ್ಸು ನೋಯಿಸಬಾರದೆಂದು ಆರೋಗ್ಯವಂತರಂತೆ ನಟಿಸುವ ದೇಶದಲ್ಲಿ, ನೀವು ಅಳೆಯುತ್ತಿರುವುದು ಗಡ್ಡೆಯನ್ನೋ, ಸೌಜನ್ಯವನ್ನೋ? ಇಂಥ ಎಷ್ಟು ಅಜ್ಜಿಯರ ಸೌಜನ್ಯ ನಿಮ್ಮ ಪ್ರಬಂಧದಲ್ಲಿ "ಸ್ಥಿತಿ ಉತ್ತಮ" ಎಂದು ಅಚ್ಚಾಗಲಿದೆ?

ಮುಂದಿನ ಪರೀಕ್ಷೆಯಲ್ಲಿ ಗೆರೆಯ ಮೇಲೆ ನೆಟ್ಟಗೆ ನಡೆದು ತೋರಿಸಬೇಕಂತೆ. ಸೂಚನೆ ಆಗಲೇ ಬಂದಿದೆ. ಅಜ್ಜಿ ಗೋಡೆ ಹಿಡಿದು ತಯಾರಿ ನಡೆಸಿದ್ದಾಳೆ, ನಿನ್ನೆ ಒಮ್ಮೆ ಬಿದ್ದಳು ಕೂಡ. ಅವಳು ಇನ್ನೊಮ್ಮೆ ಗೆಲ್ಲುವ ಮೊದಲು, ಮುನ್ಸೂಚನೆ ಇಲ್ಲದೆ ಕರೆಸಿ. ಕಣ್ಣು ಮುಚ್ಚಿಸಿ ಕಾಳು ಎತ್ತಿಸಿ. ಬೀಳುವ ಕಾಳುಗಳನ್ನು ನೋಡಿ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿ.

ಈ ಪತ್ರದ ವಿಷಯ ತಿಳಿದರೆ ಅಜ್ಜಿ ನನ್ನನ್ನು ಚಿವುಟುವುದು ಖಂಡಿತ. ಅದು ನೋಯುವಂತೆ ಮಾಡುವ ಹೊಣೆ ನಿಮ್ಮದು.

ಇಂತಿ,
ತೊಡೆಯೊಡ್ಡಿ ಕಾದಿರುವ ಮೊಮ್ಮಗಳು,
ನಾತ್ಸುಹೊ